ಏಳು ಚದರ ಕಿಲೋಮೀಟರ್‌ನ ಹಕ್ಕಿ: ನಾರ್ಕೊಂಡಮ್ ಮಂಗಟ್ಟೆಯ ‘ಸ್ಟೇಟಸ್’ ಏನು?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಲೋಕಲ್ ಟ್ರೇನಲ್ಲೋ ಮೆಟ್ರೋದಲ್ಲೋ ನಿಂತ್ಕೊಂಡು ಓದ್ಕೋತೀವಿ ಅನ್ನೋರಿಗಾಗಿ ಎಂದಿನಂತೆ ಮಾತುಕತೆಯ ಬರಹ ರೂಪ ಇಲ್ಲಿದೆ. ಮಾತಾಡಿದ್ದನ್ನೇ ಸ್ವಲ್ಪ ಒಪ್ಪ ಮಾಡಿದ್ದೇನೆ. ವಿಡಿಯೋದಲ್ಲಿ ಅವಸರದಲ್ಲಿ ದಾಟಿಕೊಂಡು ಹೋದ ಒಂದೆರಡು ಕಡೆ, ಮುಖ್ಯವಾಗಿ ರೆಡ್ ಲಿಸ್ಟ್ ನಿಯಮಗಳ ಹತ್ತಿರ, ಇಲ್ಲಿ ನಿಧಾನವಾಗಿ ನಿಂತಿದ್ದೇನೆ.

ಇವತ್ತಿನ ವಿಷಯ ಒಂದು ಹಕ್ಕಿ. ಇಡೀ ಪ್ರಪಂಚದಲ್ಲಿ ಅದು ಸಿಗೋದು ಒಂದೇ ಒಂದು ದ್ವೀಪದಲ್ಲಿ. ಆ ದ್ವೀಪ ನಮ್ಮ ದೇಶದ್ದೇ. ಹೆಸರು ನಾರ್ಕೊಂಡಮ್. ಹಕ್ಕಿಯ ಹೆಸರು ನಾರ್ಕೊಂಡಮ್ ಹಾರ್ನ್‌ಬಿಲ್. ಹಾರ್ನ್‌ಬಿಲ್‌ಗೆ ನಮ್ಮಲ್ಲಿ ಮಂಗಟ್ಟೆ ಹಕ್ಕಿ ಅಂತಾರೆ. ದಾಂಡೇಲಿ, ಜೋಯಿಡಾ ಕಡೆಯವರಿಗೆ ಪರಿಚಯ ಹೇಳಬೇಕಾಗಿಲ್ಲ. ಹಾಗಾಗಿ ನಾನು ಇದನ್ನ ನಾರ್ಕೊಂಡಮ್ ಮಂಗಟ್ಟೆ ಅಂತಲೇ ಕರೀತೀನಿ.

ಮೊದಲು ಜಾಗ ಎಲ್ಲಿದೆ ನೋಡೋಣ. ಅಂಡಮಾನ್ ನಕ್ಷೆ ತೆಗೆದರೆ ಉದ್ದಕ್ಕೆ ಒಂದು ಸಾಲು ದ್ವೀಪಗಳು ಕಾಣುತ್ತವೆ. ಅದರಲ್ಲಿ ಉತ್ತರ ಅಂಡಮಾನ್‌ನಿಂದ ಪೂರ್ವಕ್ಕೆ, ಸುಮಾರು 130 ಕಿಲೋಮೀಟರ್ ದೂರ, ಸಮುದ್ರದ ನಡುವೆ ಒಂದು ಚುಕ್ಕೆ. ಪೋರ್ಟ್ ಬ್ಲೇರ್‌ನಿಂದ (2024ರಿಂದ ಅದರ ಅಧಿಕೃತ ಹೆಸರು ಶ್ರೀ ವಿಜಯಪುರಂ) ಸುಮಾರು 250 ಕಿಲೋಮೀಟರ್. ದ್ವೀಪ ಅಂದ್ರೆ ನಿಜಕ್ಕೂ ಒಂದು ಜ್ವಾಲಾಮುಖಿಯ ತಲೆ ಅಷ್ಟೇ, ಸಮುದ್ರದಿಂದ ನೇರ ಎದ್ದು 710 ಮೀಟರ್ ಎತ್ತರಕ್ಕೆ ಹೋಗಿದೆ. ಈಗ ಅದು ಸುಮ್ಮನಿದೆ. ಸಿಡಿಯೋ ಕೆಲಸವನ್ನ ಪಕ್ಕದ, ಅಂದ್ರೆ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ‘ಪಕ್ಕದ’, ಬ್ಯಾರನ್ ದ್ವೀಪ ಮಾಡ್ತಾ ಇದೆ. ನಾರ್ಕೊಂಡಮ್ ಅನ್ನೋ ಹೆಸರು ‘ನರಕಕುಂಡ’ದಿಂದ ಬಂದಿದ್ದು, ಅದು ಮೂಲದಲ್ಲಿ ಬೆಂಕಿ ಉಗುಳೋ ಬ್ಯಾರನ್‌ಗೇ ಇದ್ದ ಹೆಸರಾಗಿರಬಹುದು, ನಾವಿಕರು ಯಾವಾಗಲೋ ಅದಲು ಬದಲು ಮಾಡಿಬಿಟ್ಟಿದ್ದಾರೆ ಅನ್ನೋ ವಾದವೂ ಇದೆ.

ವಿಸ್ತೀರ್ಣ ಸುಮಾರು 6.8 ಚದರ ಕಿಲೋಮೀಟರ್. ಈ ಸಂಖ್ಯೆ ಓದಿದರೆ ತಲೆಗೆ ಹೋಗಲ್ಲ, ಹಾಗಾಗಿ ನಿಮ್ಮ ನಿಮ್ಮ ಊರಿನ ಲೆಕ್ಕದಲ್ಲಿ ಹೇಳ್ತೀನಿ. ಹೈದರಾಬಾದಿನವರು ಗಚ್ಚಿಬೌಲಿಯ ಸೆಂಟ್ರಲ್ ಯೂನಿವರ್ಸಿಟಿ ಕ್ಯಾಂಪಸ್ ನೋಡಿರ್ತೀರಿ, ಸುಮಾರು 2300 ಎಕರೆ. ನಾರ್ಕೊಂಡಮ್ ಅದಕ್ಕಿಂತ ಚಿಕ್ಕದು, 1700 ಎಕರೆಗೂ ಸ್ವಲ್ಪ ಕಡಿಮೆ. ಮುಂಬೈನವರಿಗೆ: ಬೊರಿವಲಿಯ ಸಂಜಯ್ ಗಾಂಧಿ ನ್ಯಾಷನಲ್ ಪಾರ್ಕಿನೊಳಗೆ ಇಂಥ ದ್ವೀಪ ಹದಿನಾಲ್ಕು, ಹದಿನೈದು ಹಿಡಿಸುತ್ತವೆ. ಬೆಳಗಿನ ಜಾಗಿಂಗ್‌ನಲ್ಲಿ ನೀವು ಆ ದ್ವೀಪವನ್ನ ಸುತ್ತು ಹಾಕಿಬಿಡಬಹುದಿತ್ತು, ದಡದುದ್ದಕ್ಕೂ ಬಂಡೆ, ಕಡಿದಾದ ಇಳಿಜಾರು ಇಲ್ಲದಿದ್ದರೆ.

ಅಷ್ಟರೊಳಗೆ ಒಂದು ಜಾತಿಯ ಇಡೀ ಸಂಸಾರ ಇದೆ. ಹೊರಗೆ ಇನ್ನೆಲ್ಲೂ ಇಲ್ಲ. ಅಂಡಮಾನಿನ ಬೇರೆ ಯಾವ ದ್ವೀಪದಲ್ಲೂ ಯಾವ ಜಾತಿಯ ಮಂಗಟ್ಟೆಯೂ ಇಲ್ಲ, ಅದೊಂದು ವಿಚಿತ್ರ. ಇದು ಯಾವ ಕಾಲದಲ್ಲೂ ಭೂಮಿಗೆ ಅಂಟಿಕೊಂಡಿರದ ಜ್ವಾಲಾಮುಖಿ ದ್ವೀಪ, ಹಾಗಾಗಿ ಇದರ ಪೂರ್ವಜರು ಆಗ್ನೇಯ ಏಷ್ಯಾ ಕಡೆಯಿಂದ ಸಮುದ್ರದ ಮೇಲೆ ಹಾರಿಕೊಂಡೇ ಬಂದಿರಬೇಕು. ಬಂದವು ಅಲ್ಲೇ ಉಳಿದು ಬೇರೆ ಜಾತಿಯೇ ಆಗಿಬಿಟ್ಟವು.

ನೋಡೋಕೆ ಹೇಗಿದೆ? ದಾಂಡೇಲಿಯ ದೊಡ್ಡ ಮಂಗಟ್ಟೆಯ ಮುಂದೆ ಇದು ಚಿಕ್ಕದು. ಮೈ ಕಪ್ಪು, ಬಾಲ ಬಿಳಿ. ಗಂಡಿಗೆ ತಲೆ, ಕುತ್ತಿಗೆ ಇಟ್ಟಿಗೆ ಬಣ್ಣದ ಕಂದು. ಹೆಣ್ಣಿಗೆ ಅದೂ ಕಪ್ಪೇ. ಇಬ್ಬರಿಗೂ ಗಂಟಲ ಹತ್ತಿರ ನೀಲಿ ಬಣ್ಣದ ಚರ್ಮ. ಇದನ್ನ ವಿಜ್ಞಾನಕ್ಕೆ ಮೊದಲು ಪರಿಚಯ ಮಾಡಿಸಿದ್ದು 1873ರಲ್ಲಿ, ಅಲನ್ ಆಕ್ಟೇವಿಯನ್ ಹ್ಯೂಮ್. ಹೌದು, ಅದೇ ಹ್ಯೂಮ್. ಪಿಯುಸಿ ಇತಿಹಾಸದಲ್ಲಿ ‘1885, ಕಾಂಗ್ರೆಸ್ ಸ್ಥಾಪನೆ’ ಅಂತ ಬಾಯಿಪಾಠ ಮಾಡಿದ ಹ್ಯೂಮ್. ಆಯಪ್ಪ ಅದಕ್ಕಿಂತ ಮುಂಚೆ ಈ ದೇಶದ ಹಕ್ಕಿಗಳ ಹಿಂದೆ ಬಿದ್ದಿದ್ದ.

ಸರಿ, ಈಗ ಮುಖ್ಯ ಪ್ರಶ್ನೆ. ಈ ಹಕ್ಕಿ ಎಷ್ಟು ಅಪಾಯದಲ್ಲಿದೆ? ಐಯುಸಿಎನ್ ಅಂತ ಒಂದು ಅಂತಾರಾಷ್ಟ್ರೀಯ ಸಂಸ್ಥೆ ಇದೆ, ಅವರ ರೆಡ್ ಲಿಸ್ಟ್ ಬಗ್ಗೆ ಕೇಳಿರ್ತೀರಿ. ಪ್ರತಿ ಜೀವಿಗೂ ಒಂದು ಸ್ಟೇಟಸ್ ಕೊಡ್ತಾರೆ. ಕೆಳಗಿನಿಂದ ಮೇಲಕ್ಕೆ ಲೀಸ್ಟ್ ಕನ್ಸರ್ನ್, ನಿಯರ್ ಥ್ರೆಟನ್ಡ್, ವಲ್ನರಬಲ್, ಎಂಡೇಂಜರ್ಡ್, ಕ್ರಿಟಿಕಲಿ ಎಂಡೇಂಜರ್ಡ್. ಆಮೇಲೆ ಕಾಡಿನಲ್ಲಿ ಅಳಿದದ್ದು, ಪೂರ್ತಿ ಅಳಿದದ್ದು. ನಾರ್ಕೊಂಡಮ್ ಮಂಗಟ್ಟೆ ಬಹಳ ವರ್ಷ ಎಂಡೇಂಜರ್ಡ್ ಆಗಿತ್ತು. ಈಗ ಒಂದು ಮೆಟ್ಟಿಲು ಇಳಿಸಿ ವಲ್ನರಬಲ್ ಮಾಡಿದ್ದಾರೆ.

ಇದನ್ನ ಓದಿದಾಗ ನನಗೆ ಬಂದ ಮೊದಲ ಯೋಚನೆ, ಇದೆಂಥ ಲೆಕ್ಕ? ಒಂದು ಯೂನಿವರ್ಸಿಟಿ ಕ್ಯಾಂಪಸ್ಸಿಗಿಂತ ಚಿಕ್ಕ ಜಾಗದಲ್ಲಿ ಮಾತ್ರ ಇರೋ ಜಾತಿಗೆ ‘ವಲ್ನರಬಲ್’? ಪಶ್ಚಿಮ ಘಟ್ಟದ ಉದ್ದಕ್ಕೂ ಇರೋ ಮಲಬಾರ್ ಬೂದು ಮಂಗಟ್ಟೆ ಕೂಡ ವಲ್ನರಬಲ್, 2020ರಿಂದ. ಘಟ್ಟದಿಂದ ಅರುಣಾಚಲ, ಅಲ್ಲಿಂದ ಸುಮಾತ್ರಾವರೆಗೆ ಹರಡಿರೋ ದೊಡ್ಡ ಮಂಗಟ್ಟೆಯೂ ವಲ್ನರಬಲ್, 2018ರಿಂದ. ಮೂರಕ್ಕೂ ಒಂದೇ ಲೇಬಲ್. ನಾನು ಪಕ್ಷಿತಜ್ಞ ಅಲ್ಲ, ದಿನಾ ಕೋಡ್ ಬರೆದು ಹೊಟ್ಟೆ ಹೊರೆಯೋನು. ಆದರೆ ಐಯುಸಿಎನ್‌ನ ನಿಯಮಗಳನ್ನ ಓದೋಕೆ ಕೂತಾಗ ಇದು ನಮ್ಮ ಏರಿಯಾನೇ ಅನ್ನಿಸಿತು. ಯಾಕಂದ್ರೆ ಅದು ಅಪ್ಪಟ ರೂಲ್ಸ್ ಎಂಜಿನ್.

ಎ, ಬಿ, ಸಿ, ಡಿ, ಇ ಅಂತ ಐದು ಮಾನದಂಡ ಇವೆ. ನಡುವೆ ‘ಆರ್’ ಕಂಡೀಷನ್. ಯಾವುದಾದರೂ ಒಂದು ಪಾಸ್ ಆದರೆ ಸಾಕು, ಪಾಸ್ ಆದವುಗಳಲ್ಲಿ ಅತಿ ಮೇಲಿನ ಹಂತವೇ ಸ್ಟೇಟಸ್. ‘ಎ’ ಅಂದ್ರೆ ಸಂಖ್ಯೆ ಎಷ್ಟು ವೇಗದಲ್ಲಿ ಕುಸೀತಿದೆ ಅನ್ನೋದು. ಈಗ ಎಷ್ಟಿವೆ ಅನ್ನೋದು ಅಲ್ಲಿ ಲೆಕ್ಕಕ್ಕಿಲ್ಲ. ದೊಡ್ಡ ಮಂಗಟ್ಟೆ, ಬೂದು ಮಂಗಟ್ಟೆ ಸಿಕ್ಕಿಬಿದ್ದಿದ್ದು ಇಲ್ಲಿ: ಹರವು ದೊಡ್ಡದು, ಆದರೆ ಇಳಿಕೆ ಜೋರು. ನಮ್ಮ ನಾರ್ಕೊಂಡಮ್‌ದು ಇದಕ್ಕೆ ಪೂರ್ತಿ ವಿರುದ್ಧ. ಹರವು ಕಡ್ಡಿಯಷ್ಟು, ಆದರೆ ಇಳಿಕೆ ಅಂತ ಯಾರೂ ತೋರಿಸಿಲ್ಲ.

‘ಡಿ’ ಅನ್ನೋದು ತಲೆ ಎಣಿಕೆ. ಮರಿ ಮಾಡೋ ವಯಸ್ಸಿಗೆ ಬಂದ ಹಕ್ಕಿಗಳು 50ಕ್ಕಿಂತ ಕಡಿಮೆ ಇದ್ದರೆ ಕ್ರಿಟಿಕಲ್, 250ಕ್ಕಿಂತ ಕಡಿಮೆ ಇದ್ದರೆ ಎಂಡೇಂಜರ್ಡ್, 1000ಕ್ಕಿಂತ ಕಡಿಮೆ ಇದ್ದರೆ ವಲ್ನರಬಲ್. ಈ ಡಿ ಅಡಿಯಲ್ಲೇ ಇನ್ನೊಂದು ಉಪನಿಯಮ, ‘ಡಿ2’. ಜಾತಿ ಇರೋದು ಒಂದೆರಡು ಜಾಗದಲ್ಲಿ ಮಾತ್ರ, ಏನಾದರೂ ಒಂದು ಘಟನೆ ನಡೆದರೆ ಬಹಳ ಕಡಿಮೆ ಸಮಯದಲ್ಲಿ ಕೈತಪ್ಪಿ ಹೋಗಬಹುದು ಅನ್ನೋ ಪರಿಸ್ಥಿತಿ. ನಾವು ಆಫೀಸಿನಲ್ಲಿ ಹೇಳ್ತೀವಲ್ಲ, ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್. ಎಲ್ಲಾ ಡೇಟಾ ಒಂದೇ ರೀಜನ್‌ನಲ್ಲಿ, ಬ್ಯಾಕಪ್ ಇಲ್ಲ, ಡಿಆರ್ ಸೈಟ್ ಇಲ್ಲ. ಇವತ್ತು ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು. ಅಂಥದ್ದಕ್ಕೆ ಇರೋ ನಿಯಮ ಇದು.

ಆದರೆ ಡಿ2ಗೆ ಒಂದು ಮಿತಿ ಇದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. ಅದು ವಲ್ನರಬಲ್‌ಗೆ ಮಾತ್ರ ಅನ್ವಯ. ಅಂದ್ರೆ ‘ಒಂದೇ ಜಾಗದಲ್ಲಿದೆ’ ಅನ್ನೋ ಅಪಾಯ ಎಷ್ಟೇ ದೊಡ್ಡದಿರಲಿ, ಅದೊಂದರ ಬಲದ ಮೇಲೆ ಯಾವ ಜಾತಿಯೂ ವಲ್ನರಬಲ್‌ಗಿಂತ ಮೇಲೆ ಹೋಗೋಕೆ ಸಾಧ್ಯವಿಲ್ಲ. ನಿಯಮದ ಛಾವಣಿ ಅಲ್ಲಿಗೇ ಮುಗೀತು.

ಈಗ ‘ಬಿ’ಗೆ ಬನ್ನಿ. ನನಗೆ ಅತಿ ಕುತೂಹಲ ಅನ್ನಿಸಿದ್ದು ಇದೇ. ಬಿ ಅಂದ್ರೆ ಹರವಿನ ವಿಸ್ತೀರ್ಣ. ಹರವು 100 ಚದರ ಕಿಲೋಮೀಟರ್‌ಗಿಂತ ಕಡಿಮೆ ಇದ್ದರೆ ನೇರ ಕ್ರಿಟಿಕಲ್ ಹಂತಕ್ಕೆ ಅರ್ಹತೆ. ನಮ್ಮ ಹಕ್ಕಿಯದು ಏಳೂ ಇಲ್ಲ. ಆದರೆ ಜಾಗ ಚಿಕ್ಕದು ಅಂದ ಮಾತ್ರಕ್ಕೆ ಆಗಲ್ಲ, ಜೊತೆಗೆ ಮೂರರಲ್ಲಿ ಎರಡು ಷರತ್ತು ನಿಜವಾಗಬೇಕು. ಮೊದಲನೆಯದು, ತೀರಾ ತುಂಡು ತುಂಡಾಗಿರಬೇಕು ಇಲ್ಲವೇ ಒಂದೇ ತಾಣದಲ್ಲಿರಬೇಕು. ಎರಡು, ಹಕ್ಕಿಯ ಸಂಖ್ಯೆಯೋ, ಹರವೋ, ಅದರ ಕಾಡಿನ ಗುಣಮಟ್ಟವೋ ನಿರಂತರವಾಗಿ ಇಳೀತಾ ಇರಬೇಕು. ಮೂರು, ಸಂಖ್ಯೆ ವಿಪರೀತ ಏರಿಳಿತ ಆಗ್ತಿರಬೇಕು. ನಾರ್ಕೊಂಡಮ್ ಮಂಗಟ್ಟೆಗೆ ಮೊದಲನೆಯದು ನಿಜ. ಎರಡನೆಯದು, ಮೂರನೆಯದು ಇಲ್ಲ.

ಅಂದ್ರೆ ಲೆಕ್ಕ ಹಾಕಿ. ವಲ್ನರಬಲ್‌ನಿಂದ ಕ್ರಿಟಿಕಲಿ ಎಂಡೇಂಜರ್ಡ್‌ಗೆ ಈ ಹಕ್ಕಿಗಿರೋ ಅಂತರ ಒಂದೇ ಒಂದು ಷರತ್ತು. ‘ಕಾಡಿನ ಗುಣಮಟ್ಟ ಇಳೀತಾ ಇದೆ’ ಅನ್ನೋದೊಂದು ಸಾಬೀತಾದರೆ ಅದು ನಡುವಿನ ಎಂಡೇಂಜರ್ಡ್ ಮೆಟ್ಟಿಲನ್ನ ಮುಟ್ಟೋದೇ ಇಲ್ಲ, ಎರಡು ಮೆಟ್ಟಿಲು ಒಟ್ಟಿಗೆ ಹಾರುತ್ತದೆ. ಬೇರೆ ಎಷ್ಟೋ ಜೀವಿಗಳಿಗೆ ವಲ್ನರಬಲ್ ಅಂದ್ರೆ ನಿಧಾನವಾಗಿ ಹತ್ತೋ ಏಣಿಯ ಒಂದು ಹಂತ. ಇದಕ್ಕೆ ಹಾಗಲ್ಲ. ‘ಪಿ1 ಟಿಕೆಟ್ ಪಿ2 ಆಯ್ತು’ ಅಂತ ಸಮಾಧಾನ ಪಡೋರು ಈ ಒಂದು ಸಂಗತಿ ತಲೆಯಲ್ಲಿ ಇಟ್ಕೊಳ್ಳಿ.

ಹಾಗಾದ್ರೆ ಎಂಡೇಂಜರ್ಡ್‌ನಿಂದ ಇಳಿಸಿದ್ದು ಯಾಕೆ? ಎಣಿಕೆ ವಿಷಯಕ್ಕೆ ಬರೋಣ.

1972ರಲ್ಲಿ ಮುಂಬೈನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಎಸ್. ಎ. ಹುಸೇನ್ ಅಲ್ಲಿಗೆ ಹೋಗಿ ಅಧ್ಯಯನ ಮಾಡಿದರು. ಅಂದಾಜು 400 ಹಕ್ಕಿ ಅಂದರು. 1998ರಲ್ಲಿ ಕೊಯಮತ್ತೂರಿನ ಸಲೀಂ ಅಲಿ ಪಕ್ಷಿ ಸಂಶೋಧನಾ ಕೇಂದ್ರದ ರವಿ ಶಂಕರನ್ ಹೋದಾಗ ಅಂದಾಜು 300ರ ಆಸುಪಾಸು ಬಂತು. ಆಮೇಲೆ ಬಂದ ಅಂದಾಜುಗಳೂ ಹೆಚ್ಚು ಕಮ್ಮಿ ಇದೇ ಸುತ್ತಿನವು. ಒಟ್ಟು 300, 400 ಅಂದ ಮೇಲೆ ಮರಿ ಮಾಡೋ ವಯಸ್ಸಿನವು 250ರ ಗೆರೆಯ ಆಚೀಚೆ. ಅದಕ್ಕೇ ಎಂಡೇಂಜರ್ಡ್.

2019-20ರ ಚಳಿಗಾಲದಲ್ಲಿ ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನ ರೋಹಿತ್ ನಾನಿವಡೇಕರ್ ಮತ್ತು ತಂಡ ದ್ವೀಪದಲ್ಲೇ ಇದ್ದು ಅಧ್ಯಯನ ಮಾಡಿತು. (ಹೌದು, ನಮ್ಮ ಮೈಸೂರೇ. ವಿಡಿಯೋದಲ್ಲಿ ಇದನ್ನ ಹೇಳುವಾಗ ಸ್ವಲ್ಪ ಜಾಸ್ತಿನೇ ಹಲ್ಲು ಕಿರಿದಿದ್ದೇನೆ, ಕ್ಷಮೆ ಇರಲಿ.) ಅವರ ಅಂದಾಜು ಸುಮಾರು 1000 ಹಕ್ಕಿ. ಅನಿಶ್ಚಿತತೆಯ ಎಲ್ಲೆ 750ರಿಂದ 1400. ಅಂದ್ರೆ ಚದರ ಕಿಲೋಮೀಟರಿಗೆ 150ರ ಹತ್ತಿರ. ಜಗತ್ತಿನಲ್ಲಿ ಮಂಗಟ್ಟೆಗಳು ಇಷ್ಟು ದಟ್ಟವಾಗಿ ಇರೋ ಜಾಗ ಇನ್ನೊಂದು ಸಿಗೋದು ಕಷ್ಟ.

300ರಿಂದ 1000. ಹಾಗಾದ್ರೆ ಇಪ್ಪತ್ತು ವರ್ಷದಲ್ಲಿ ಮೂರು ಪಟ್ಟು ಆಯ್ತಾ? ಹಾಗೆ ಹೇಳೋಕಾಗಲ್ಲ, ಯಾಕೆ ಅಂತ ಎಂಟೆಕ್ ಮಾಡಿದವರಿಗೆ ತಕ್ಷಣ ಹೊಳೆಯುತ್ತೆ. ಅಳೆಯೋ ವಿಧಾನವೇ ಬೇರೆ. ಹೊಸ ಸಮೀಕ್ಷೆಯಲ್ಲಿ ಬಳಸಿದ್ದು ಡಿಸ್ಟೆನ್ಸ್ ಸ್ಯಾಂಪ್ಲಿಂಗ್ ಅನ್ನೋ ವಿಧಾನ. ಕಾಡಿನಲ್ಲಿ ಒಂದು ಗೆರೆ ಹಿಡಿದು ನಡೀತೀರಿ. ಕಂಡ ಪ್ರತಿ ಹಕ್ಕಿಗೂ ಗೆರೆಯಿಂದ ಎಷ್ಟು ದೂರ ಇತ್ತು ಅಂತ ಬರೀತೀರಿ. ಗೆರೆಯ ಮೇಲೇ ಕೂತ ಹಕ್ಕಿ ನಿಮ್ಮ ಕಣ್ಣು ತಪ್ಪಿಸಲ್ಲ ಅಂತ ಇಟ್ಟುಕೊಳ್ಳೋಣ. ಇಪ್ಪತ್ತು ಮೀಟರ್ ಆಚೆಗೆ ಕೆಲವು ತಪ್ಪಿಸಿಕೊಳ್ಳುತ್ತವೆ, ಐವತ್ತು ಮೀಟರ್ ಆಚೆಗೆ ಇನ್ನೂ ಜಾಸ್ತಿ. ದೂರ ಹೆಚ್ಚಾದಂತೆ ಕಂಡ ಸಂಖ್ಯೆ ಹೇಗೆ ಇಳಿಯಿತು ಅನ್ನೋ ಕರ್ವ್ ನಿಮ್ಮ ಡೇಟಾದಿಂದಲೇ ಸಿಗುತ್ತೆ. ಆ ಕರ್ವ್ ಹಿಡಿದು, ಇದ್ದೂ ಕಾಣದೇ ಹೋದವು ಎಷ್ಟು ಅಂತ ಲೆಕ್ಕ ಹಾಕ್ತೀರಿ. ಎಷ್ಟು ಚಂದದ ಉಪಾಯ ನೋಡಿ! ನೋಡದೇ ಇದ್ದದ್ದನ್ನ, ನೋಡಿದ್ದರ ಆಕಾರದಿಂದ ಎಣಿಸೋದು. ಬೇರೆ ಬೇರೆ ವಿಧಾನದ ಎರಡು ಅಂಕಿಗಳನ್ನ ಪಕ್ಕಪಕ್ಕ ಇಟ್ಟು ‘ಬೆಳವಣಿಗೆ’ ಅಂತ ಗ್ರಾಫ್ ಎಳೆಯೋದು ಸರಿಯಲ್ಲ. ಸ್ಪ್ರಿಂಟ್ ವೆಲಾಸಿಟಿ ತೋರಿಸೋಕೆ ನಮ್ಮಲ್ಲಿ ಕೆಲವರು ಮಾಡೋ ಕೆಲಸ ಅದು.

ಹಾಗಂತ ಏನೂ ಸುಧಾರಿಸಿಲ್ಲ ಅಂತಲೂ ಅಲ್ಲ. ಅದಕ್ಕೆ ಆಡುಗಳ ಕಥೆ ಹೇಳಬೇಕು.

1960ರ ದಶಕದ ಕೊನೆಯಿಂದ ನಾರ್ಕೊಂಡಮ್‌ನಲ್ಲಿ ಒಂದು ಪೊಲೀಸ್ ಠಾಣೆ ಇದೆ. ಗಡಿಯ ದ್ವೀಪ, ಬರ್ಮಾ ಇದನ್ನ ತನ್ನದು ಅಂತ ಹೇಳ್ತಿತ್ತು, 1986ರ ಸಮುದ್ರ ಗಡಿ ಒಪ್ಪಂದದಲ್ಲಿ ಆ ವಿವಾದ ಮುಗೀತು. ಒಂದಷ್ಟು ಜನ ಪೊಲೀಸರು ಪಾಳಿಯ ಮೇಲೆ ಬಂದು ತಿಂಗಳುಗಟ್ಟಲೆ ಇರ್ತಾರೆ. ಅವರ ಕಷ್ಟ ನಮಗೆ ಅರ್ಥ ಆಗಬೇಕು. ಊರಿಂದ ದೂರ ಇರೋದು ಏನು ಅಂತ ನಮಗೂ ಗೊತ್ತು, ಆದರೆ ನಮಗೆ ಹತ್ತು ನಿಮಿಷದಲ್ಲಿ ಹಾಲು ತಂದುಕೊಡೋ ಆ್ಯಪ್ ಇದೆ. ಅವರಿಗೆ ಹಡಗು ಬಂದಾಗ ಬಂತು. ಹಾಗಾಗಿ 1976ರಲ್ಲಿ ಊಟಕ್ಕಾಗುತ್ತೆ ಅಂತ ಕೆಲವು ಆಡು ತಂದು ಬಿಟ್ಟರು. ಠಾಣೆಯ ಸುತ್ತ ಸುಮಾರು 50 ಎಕರೆ ಕಾಡು ತೆಗೆದು ಬಾಳೆ, ತೆಂಗು, ಅಡಿಕೆ ಹಾಕಿದರು. ಅಡುಗೆಗೆ ಸೌದೆ ಕಡಿದರು. ಕೆಲವೊಮ್ಮೆ ಮಂಗಟ್ಟೆಯನ್ನೂ ಹೊಡೆದು ತಿಂದರು.

ಆಡುಗಳು ದೊಡ್ಡ ಸಸ್ತನಿಗಳೇ ಇಲ್ಲದ ದ್ವೀಪದಲ್ಲಿ ಏನು ಮಾಡ್ತವೆ? ಬೆಳೀತವೆ. ತೊಂಬತ್ತರ ದಶಕದ ಹೊತ್ತಿಗೆ ನೂರು ದಾಟಿದ್ದವು. ಆಡು ಹಕ್ಕಿಯನ್ನ ತಿನ್ನಲ್ಲ, ಮರವನ್ನೂ ಬೀಳಿಸಲ್ಲ. ಅದು ತಿನ್ನೋದು ಮೊಳಕೆ, ಎಳೆಯ ಸಸಿ. ಇದರಲ್ಲಿ ಮೋಸ ಎಲ್ಲಿದೆ ಅಂದ್ರೆ, ಇವತ್ತು ನಿಂತಿರೋ ನೂರಾರು ವರ್ಷದ ಮರಗಳಿಗೆ ಏನೂ ಆಗಲ್ಲ. ಹಣ್ಣು ಸಿಗ್ತಾನೇ ಇರುತ್ತೆ, ಹಕ್ಕಿ ಎಣಿಸಿದರೆ ಸಂಖ್ಯೆ ಅಷ್ಟೇ ಇರುತ್ತೆ. ಆದರೆ ಆ ಮರ ಬಿದ್ದ ದಿನ ಅದರ ಜಾಗಕ್ಕೆ ಬರೋಕೆ ಇನ್ನೊಂದು ಮರ ಇರಲ್ಲ. ಪ್ರೊಡಕ್ಷನ್‌ನಲ್ಲಿ ವರ್ಷಗಟ್ಟಲೆ ಮಲಗಿರೋ ಬಗ್ ತರ. ರವಿ ಶಂಕರನ್ ಅವರ ಕಾಲದ ಸಮೀಕ್ಷೆಗಳು ಈ ಆಡುಗಳ ಬಗ್ಗೆ ಗಟ್ಟಿಯಾಗಿ ಎಚ್ಚರಿಸಿದವು. ಆಮೇಲೆ ಆಡುಗಳನ್ನ ಹಿಡಿದು ದ್ವೀಪದಿಂದ ತೆಗೆಸಿದರು. ಬೇಟೆಗೂ ಕಡಿವಾಣ ಬಿತ್ತು. ಈ ಹಕ್ಕಿ ವನ್ಯಜೀವಿ ಕಾಯ್ದೆಯ ಮೊದಲ ಷೆಡ್ಯೂಲ್‌ನಲ್ಲಿದೆ, ದ್ವೀಪವೇ 1977ರಿಂದ ಅಭಯಾರಣ್ಯ. ಕಾಗದದ ಮೇಲೆ ಇದ್ದದ್ದು ನೆಲಕ್ಕೂ ಒಂದಿಷ್ಟು ಇಳಿಯಿತು. ನನ್ನ ಪ್ರಕಾರ ಈ ಹಕ್ಕಿಯ ಪಾಲಿಗೆ ಅತಿ ದೊಡ್ಡ ಕೆಲಸ ಇದೇ, ಆಡು ತೆಗೆಸಿದ್ದು. ಅದರ ಬಗ್ಗೆ ಯಾರೂ ಸಾಕ್ಷ್ಯಚಿತ್ರ ಮಾಡಲಿಲ್ಲ.

ಬೇಟೆಯ ವಿಷಯದಲ್ಲಿ ಮಂಗಟ್ಟೆಗೆ ಒಂದು ವಿಶೇಷ ದೌರ್ಬಲ್ಯ ಇದೆ. ಫೆಬ್ರವರಿಯಿಂದ ಬೇಸಿಗೆಯವರೆಗೆ ಗೂಡಿನ ಕಾಲ. ಹೆಣ್ಣು ದೊಡ್ಡ ಮರದ ಪೊಟರೆಯೊಳಗೆ ಹೋಗಿ, ಹಿಕ್ಕೆ, ಹಣ್ಣಿನ ಚರಟ ಎಲ್ಲ ಮೆತ್ತಿ ಬಾಗಿಲು ಮುಚ್ಚಿಕೊಳ್ಳುತ್ತೆ. ಕೊಕ್ಕು ತೂರುವಷ್ಟು ಒಂದು ಸೀಳು ಮಾತ್ರ ಬಿಟ್ಟಿರುತ್ತೆ. ಒಳಗೇ ಮೊಟ್ಟೆ, ಒಳಗೇ ಮರಿ, ರೆಕ್ಕೆಯ ಗರಿಗಳನ್ನೂ ಒಳಗೇ ಉದುರಿಸಿಕೊಂಡು ಹೊಸದು ಬೆಳೆಸಿಕೊಳ್ಳೋದು. ಅಷ್ಟು ತಿಂಗಳು ಹೊರಗಿನಿಂದ ಹಣ್ಣು ತಂದುಕೊಡೋದು ಗಂಡು. ಆ ಗಂಡನ್ನ ಯಾರೋ ಹೊಡೆದರೆ? ಒಳಗಿರೋದಕ್ಕೆ ಹಾರೋಕೆ ಗರಿಯೂ ಇಲ್ಲ. ಎಣಿಕೆಯಲ್ಲಿ ಒಂದು ಹಕ್ಕಿ ಕಡಿಮೆ, ನಿಜದಲ್ಲಿ ಒಂದು ಮನೆ ಹೋಯ್ತು. ಮೇಲಾಗಿ ಇಂಥ ಪೊಟರೆ ಎಳೆಯ ಮರದಲ್ಲಿ ಆಗಲ್ಲ, ಅದಕ್ಕೆ ಹಳೆಯ ದೊಡ್ಡ ಮರವೇ ಬೇಕು. ಆಡು ತಿಂದ ಸಸಿಗೂ ಗೂಡಿಗೂ ಸಂಬಂಧ ಈಗ ಗೊತ್ತಾಯ್ತಲ್ಲ.

ಮೈಸೂರಿನ ತಂಡ ಇನ್ನೊಂದು ಚಂದದ ಸಂಗತಿ ತೋರಿಸಿದೆ. ಹಣ್ಣು ತಿಂದು ಬೀಜ ಹರಡೋ ಕೆಲಸವನ್ನ ನಮ್ಮ ಕಾಡುಗಳಲ್ಲಿ ಹತ್ತಾರು ಜಾತಿ ಹಕ್ಕಿಗಳು ಹಂಚಿಕೊಂಡಿರುತ್ತವೆ. ಪಿಕಳಾರ, ಕುಟ್ರುಹಕ್ಕಿ ಇವೆಲ್ಲ ಅದರಲ್ಲಿ ಮುಖ್ಯ. ನಾರ್ಕೊಂಡಮ್‌ನಲ್ಲಿ ಪಿಕಳಾರವೂ ಇಲ್ಲ, ಕುಟ್ರುಹಕ್ಕಿಯೂ ಇಲ್ಲ. ಕೋಗಿಲೆ, ಕಾಡುಪಾರಿವಾಳ, ಗೊರವಂಕದಂಥ ಕೆಲವೇ ಹಣ್ಣುಬಾಕರು. ಅವೆಲ್ಲಕ್ಕಿಂತ ಹೆಚ್ಚು ಸಂಖ್ಯೆಯಲ್ಲಿರೋದು ಮಂಗಟ್ಟೆಯೇ. ಅತ್ತಿ, ಆಲ, ಗೋಣಿಯ ಕುಟುಂಬದ ಮರಗಳು ಅಲ್ಲಿ ಹೇರಳ; ಹಣ್ಣಿಗೆ ಹಕ್ಕಿ, ಬೀಜಕ್ಕೆ ಹಕ್ಕಿ, ಹಕ್ಕಿಗೆ ಹಣ್ಣು. ಇಡೀ ದ್ವೀಪದ ಕಾಡು ಬಹುಪಾಲು ಒಂದೇ ಜಾತಿಯ ಹೆಗಲ ಮೇಲೆ ನಿಂತಿದೆ. ಇದನ್ನ ಅರುಣಾಚಲದ ಕಾಡಿನ ಜೊತೆ ಹೋಲಿಸಿ ಅವರು ಬರೆದಿದ್ದಾರೆ. ಅಂದ್ರೆ ದ್ವೀಪ ಹೋದರೆ ಹಕ್ಕಿ ಹೋಗುತ್ತೆ ಅನ್ನೋದು ಎಲ್ಲರಿಗೂ ಗೊತ್ತು, ಹಕ್ಕಿ ಹೋದರೆ ಕಾಲಾಂತರದಲ್ಲಿ ಕಾಡೂ ಬೇರೆಯೇ ಆಗಿಬಿಡುತ್ತೆ.

ಈಗ ರೇಡಾರ್. ಎಲ್ಲರಿಗೂ ಬಿಸಿಯೇರಿಸೋ ವಿಷಯ, ಆದ್ದರಿಂದ ತಾಳ್ಮೆಯಿಂದ ಓದಿ.

ಅಂಡಮಾನ್‌ನ ಉತ್ತರಕ್ಕೆ ಮ್ಯಾನ್ಮಾರ್‌ನ ಕೋಕೋ ದ್ವೀಪಗಳಿವೆ. ಅಲ್ಲಿನ ಚಟುವಟಿಕೆಗಳ ಬಗ್ಗೆ ನಮ್ಮ ರಕ್ಷಣಾ ವಲಯಕ್ಕೆ ಬಹಳ ಕಾಲದಿಂದ ಆತಂಕ. ಹಾಗಾಗಿ ಕೋಸ್ಟ್ ಗಾರ್ಡ್ ನಾರ್ಕೊಂಡಮ್‌ನಲ್ಲಿ ಕಣ್ಗಾವಲು ರೇಡಾರ್ ಮತ್ತು ಅದಕ್ಕೆ ಡೀಸೆಲ್ ವಿದ್ಯುತ್ ವ್ಯವಸ್ಥೆ ಬೇಕು ಅಂತ ಕೇಳಿತು. 2012ರ ಆಗಸ್ಟ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಹಕ್ಕಿಯ ಕಾರಣಕ್ಕೇ ಬೇಡ ಅಂತು. 2014ರಲ್ಲಿ, ಸರ್ಕಾರ ಬದಲಾದ ಮೇಲೆ, ಅದೇ ಸಚಿವಾಲಯ ಒಪ್ಪಿಗೆ ಕೊಟ್ಟಿತು.

ಕೇಳಿದ ಜಾಗ ಒಂದು ಹೆಕ್ಟೇರ್‌ಗೂ ಕಡಿಮೆ. ‘ಏಳು ಚದರ ಕಿಲೋಮೀಟರ್‌ನಲ್ಲಿ ಒಂದು ಹೆಕ್ಟೇರ್ ಯಾವ ಲೆಕ್ಕ, ದೇಶದ ಭದ್ರತೆಗಿಂತ ಹಕ್ಕಿ ದೊಡ್ಡದಾ?’ ಅಂತ ಬಹಳ ಜನ ಕೇಳ್ತಾರೆ. ನನಗೂ ಭದ್ರತೆ ಬೇಡ ಅನ್ನೋ ಹಠ ಇಲ್ಲ. ಆದರೆ ಜಾಗದ ಅಳತೆ ಇಲ್ಲಿ ತಪ್ಪು ಅಳತೆ. ಶಿಖರಕ್ಕೆ ಯಂತ್ರ ಹೋಗಬೇಕು ಅಂದ್ರೆ ಕಾಡಿನೊಳಗೆ ದಾರಿ ಆಗಬೇಕು. ಡೀಸೆಲ್ ಬರಬೇಕು, ಅಂದ್ರೆ ಹಡಗು ಪದೇ ಪದೇ ಬರಬೇಕು. ಕಟ್ಟೋಕೆ ಜನ, ಕಾಯೋಕೆ ಜನ, ಅವರಿಗೆ ಊಟ. ಹಡಗಿನ ಜೊತೆ ಇಲಿ ಇಳಿಯುತ್ತೆ. ಇಲಿ ಕಾಟಕ್ಕೆ ಯಾರೋ ಬೆಕ್ಕು ತರ್ತಾರೆ. ಆಡು ಬಂದದ್ದೂ ಹೀಗೇ ಅಲ್ವಾ, ಯಾರ ದುರುದ್ದೇಶವೂ ಇಲ್ಲದೆ?

ಇದು ಬರೀ ಭಯ ಅಂತ ಅನ್ನಿಸಿದರೆ ಎರಡು ದ್ವೀಪಗಳ ಕಥೆ ಹುಡುಕಿ ಓದಿ. ನ್ಯೂಜಿಲೆಂಡ್‌ನ ಸ್ಟೀಫನ್ಸ್ ದ್ವೀಪದಲ್ಲಿ 1894ರಲ್ಲಿ ದೀಪಸ್ತಂಭ ಶುರುವಾಯ್ತು, ಜನ ಬಂದರು, ಬೆಕ್ಕು ಬಂತು. ಅಲ್ಲಿ ಉಳಿದಿದ್ದ, ಹಾರಲಾರದ ಒಂದು ಪುಟ್ಟ ಹಕ್ಕಿ ಕೆಲವೇ ವರ್ಷದಲ್ಲಿ ಭೂಮಿಯ ಮೇಲಿಂದಲೇ ಅಳಿಸಿಹೋಯ್ತು. ದೀಪಸ್ತಂಭವೂ ಒಳ್ಳೆಯ ಕೆಲಸಕ್ಕೇ ಕಟ್ಟಿದ್ದು. ಇನ್ನೊಂದು ಗುವಾಮ್. ಎರಡನೇ ಮಹಾಯುದ್ಧದ ನಂತರ, ಬಹುಶಃ ಸೇನೆಯ ಸರಕಿನ ಜೊತೆಗೇ, ಕಂದು ಬಣ್ಣದ ಮರಹಾವು ಆ ದ್ವೀಪಕ್ಕೆ ಬಂತು. ನಲವತ್ತು ವರ್ಷದಲ್ಲಿ ಅಲ್ಲಿನ ಕಾಡುಹಕ್ಕಿಗಳಲ್ಲಿ ಬಹುಪಾಲು ಖಾಲಿ. ಗುವಾಮ್ ಮಿಂಚುಳ್ಳಿಯ ಕೊನೆಯ ಕೆಲವು ಹಕ್ಕಿಗಳನ್ನ ಹಿಡಿದು ಮೃಗಾಲಯಗಳಲ್ಲಿ ಸಾಕಿದ್ದರಿಂದ ಆ ಜಾತಿ ಉಳಿದಿದೆ. 2024ರಲ್ಲಿ ಅದರಲ್ಲಿ ಕೆಲವನ್ನ ಮತ್ತೆ ಕಾಡಿಗೆ ಬಿಟ್ಟರು, ಅದೂ ಗುವಾಮ್‌ನಲ್ಲಲ್ಲ, ಹಾವಿಲ್ಲದ ಬೇರೆ ದ್ವೀಪದಲ್ಲಿ. ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಇಡೀ ಜಾತಿ ಪಂಜರದಲ್ಲೇ ಇತ್ತು.

ಹಾಗಾಗಿ ನನಗೆ ಪ್ರಶ್ನೆ ‘ರೇಡಾರ್ ಬೇಕಾ ಬೇಡವಾ’ ಅನ್ನೋದಕ್ಕಿಂತ ಕೆಳಗಿನ ಮಟ್ಟದ್ದು. ಹಡಗಿನಿಂದ ಇಳಿಯೋ ಪ್ರತಿ ಚೀಲ, ಪ್ರತಿ ಪೆಟ್ಟಿಗೆ ತಪಾಸಣೆ ಆಗುತ್ತಾ? ಸಾಕುಪ್ರಾಣಿ ಪೂರ್ತಿ ನಿಷೇಧವಾ? ಅಡುಗೆಗೆ ಸೌದೆಯ ಬದಲು ಗ್ಯಾಸ್ ಸಮಯಕ್ಕೆ ತಲುಪುತ್ತಾ? ಎರಡು ಮೂರು ವರ್ಷಕ್ಕೊಮ್ಮೆ ಒಂದೇ ವಿಧಾನದಲ್ಲಿ, ಒಂದೇ ಗೆರೆಗಳ ಮೇಲೆ ಹಕ್ಕಿ ಎಣಿಸ್ತಾರಾ? ಈ ಕೊನೆಯದಕ್ಕೆ ಬಹಳ ಬೆಲೆ ಇದೆ. ಮೇಲೆ ಹೇಳಿದ ‘ಬಿ’ ಮಾನದಂಡ ನೆನಪಿದೆಯಲ್ಲ, ಇಳಿಕೆ ಆಗ್ತಿದೆ ಅಂತ ಯಾರಾದರೂ ಅಳೆದು ತೋರಿಸಿದರೆ ಮಾತ್ರ ಸ್ಟೇಟಸ್ ಬದಲಾಗೋದು. ಮಾನಿಟರಿಂಗ್ ಇಲ್ಲದ ಸರ್ವರ್‌ನಿಂದ ಅಲರ್ಟ್ ಬರಲ್ಲ.

ಬರೀ ಸೀರಿಯಸ್ ಆಯ್ತು ಅನ್ನೋರಿಗೆ, ಮುಂಬೈನವರಿಗೆ ಮುಖ್ಯವಾಗಿ, ಒಂದು ಉಪಕಥೆ. ಫೋರ್ಟ್‌ನಲ್ಲಿ ಲಯನ್ ಗೇಟ್ ಎದುರು ‘ಹಾರ್ನ್‌ಬಿಲ್ ಹೌಸ್’ ಅಂತ ಕಟ್ಟಡ ಇದೆ, ಮೇಲೆ ಹೇಳಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಚೇರಿ. ಆ ಹೆಸರು, ಅವರ ಲಾಂಛನ ಎರಡರ ಹಿಂದೆಯೂ ವಿಲಿಯಂ ಅನ್ನೋ ಒಂದು ದೊಡ್ಡ ಮಂಗಟ್ಟೆ ಇದೆ. 1894ರಿಂದ 1920ರವರೆಗೆ, ಇಪ್ಪತ್ತಾರು ವರ್ಷ, ಅದು ಸೊಸೈಟಿಯ ಆಫೀಸಿನಲ್ಲೇ ಇತ್ತು. ಮರಿಯಾಗಿದ್ದಾಗ ಅದು ಬಂದದ್ದು ಎಲ್ಲಿಂದ ಗೊತ್ತಾ? ಕಾರವಾರದಿಂದ! ಆಗ ಕಾರವಾರ ಬಾಂಬೆ ಪ್ರೆಸಿಡೆನ್ಸಿಗೆ ಸೇರಿತ್ತು. ಕೆಲಸಕ್ಕೆ ಅಂತ ಮುಂಬೈಗೆ ಹೋಗಿ ಆಫೀಸಿನಲ್ಲೇ ಜೀವನ ಕಳೆದ ಕನ್ನಡ ನಾಡಿನವರ ಪಟ್ಟಿಯಲ್ಲಿ ವಿಲಿಯಂ ಹೆಸರೂ ಸೇರಿಸಿಕೊಳ್ಳಿ.

ನಾರ್ಕೊಂಡಮ್‌ಗೆ ನಾವು ಟೂರ್ ಪ್ಯಾಕೇಜ್ ಹಾಕಿಕೊಂಡು ಹೋಗೋಕಾಗಲ್ಲ, ಅಭಯಾರಣ್ಯಕ್ಕೆ ಅನುಮತಿ ಬೇಕು, ಆಗದಿರೋದೇ ಒಳ್ಳೆಯದು. ಮಂಗಟ್ಟೆ ನೋಡಬೇಕು ಅಂದ್ರೆ ಊರಿಗೆ ಹೋದಾಗ ದಾಂಡೇಲಿಗೆ ಹೋಗಿ. ಪುಣೆಯಿಂದ ಬರೋರಿಗೆ ಬೆಳಗಾವಿ ದಾಟಿದರೆ ದೂರವೇನಿಲ್ಲ. ಅಲ್ಲಿ ನಾಲ್ಕು ಜಾತಿ ಇವೆ, 2011ರಿಂದ ಅವುಗಳಿಗೆ ಅಂತಲೇ ಮೀಸಲಾದ ಸಂರಕ್ಷಿತ ಪ್ರದೇಶವೂ ಇದೆ. ಬೆಳಿಗ್ಗೆ ಬೇಗ ಏಳಿ, ಹಣ್ಣು ಬಿಟ್ಟಿರೋ ಆಲದ ಮರ ಯಾವುದು ಅಂತ ಅಲ್ಲಿನವರನ್ನ ಕೇಳಿ, ಅದರಡಿ ಸುಮ್ಮನೆ ನಿಲ್ಲಿ. ಮೊದಲು ರೆಕ್ಕೆಯ ಸದ್ದು ಕೇಳುತ್ತೆ, ಹಕ್ಕಿ ಆಮೇಲೆ.

ಮುಂದಿನ ವಿಡಿಯೋದಲ್ಲಿ ಇದೇ ಸಮುದ್ರದಲ್ಲಿ ಇನ್ನೂ ದಕ್ಷಿಣಕ್ಕೆ ಹೋಗೋಣ, ಗ್ರೇಟ್ ನಿಕೋಬಾರ್‌ಗೆ. ಅಲ್ಲೊಂದು ಹಕ್ಕಿ ಮರದಲ್ಲಿ ಗೂಡು ಕಟ್ಟಲ್ಲ, ದಡದ ಹತ್ತಿರ ಮಣ್ಣು, ಎಲೆ ರಾಶಿ ಹಾಕಿ ದಿಬ್ಬ ಮಾಡಿ ಅದರೊಳಗೆ ಮೊಟ್ಟೆ ಹೂತಿಡುತ್ತೆ. ನಿಕೋಬಾರ್ ಮೆಗಾಪೋಡ್. 2004ರ ಸುನಾಮಿ ಅದರ ದಿಬ್ಬಗಳನ್ನ ಏನು ಮಾಡಿತು, ಈಗ ಅದೇ ದ್ವೀಪದಲ್ಲಿ ಬರ್ತಿರೋ ಬಂದರು ಯೋಜನೆ ಏನು ಮಾಡಬಹುದು ಅಂತ ನೋಡೋಣ.